ಅವರು ಹೋದ ಮೇಲೆ ಇಲ್ಲಿ ಉಳಿಯುವುದೇನು? ಕೈಗಾರಿಕಾ ಸಚಿವರಿಗೆ ಪೀಣ್ಯದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ಮೂವತ್ತು ವರ್ಷಗಳಿಂದ ನಾನೊಂದು ಸಣ್ಣ ಮೆಷಿನ್ ಶಾಪ್ ನಡೆಸಿಕೊಂಡು ಬಂದಿದ್ದೇನೆ. ಹದಿನಾಲ್ಕು ಜನ ಕೆಲಸಗಾರರು, ಕಂಪ್ಯೂಟರ್ ನಿಯಂತ್ರಣದ ಐದು ಸಿಎನ್‌ಸಿ ಯಂತ್ರಗಳು, ಒಂದು ಮಿಲ್ಲಿಂಗ್ ಯಂತ್ರ, ಹರಾಜಿನಲ್ಲಿ ಕೊಂಡ ಒಂದು ಹಳೆಯ ಎಚ್‌ಎಂಟಿ ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ಇಷ್ಟೇ ನಮ್ಮ ಬಂಡವಾಳ. ದೊಡ್ಡ ಕಂಪನಿಗಳು ಕೊಡುವ ಡ್ರಾಯಿಂಗ್ ನೋಡಿಕೊಂಡು ಶಾಫ್ಟ್, ಬುಷ್, ಫ್ಲೇಂಜ್‌ಗಳನ್ನು ಮಾಡಿಕೊಡುವ ಜಾಬ್ ವರ್ಕ್ ನಮ್ಮದು. ಅರ್ಥಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಓದಲಿಲ್ಲ. ಆದರೆ ಬಡ ದೇಶಗಳು ಕಾರ್ಖಾನೆಗಳನ್ನು ಕಟ್ಟಿದ ಮೇಲೂ ಬಡವಾಗಿಯೇ ಉಳಿಯುವುದು ಏಕೆ ಎಂಬ ಪ್ರಶ್ನೆ ಈ ಕಸುಬಿನಲ್ಲಿ ಇರುವವರನ್ನು ದಿನವೂ ಕಾಡುತ್ತದೆ. ಅದಕ್ಕೆ ಉತ್ತರ ಹುಡುಕುತ್ತ ಓದಿಕೊಂಡದ್ದನ್ನೂ ಕಣ್ಣಾರೆ ಕಂಡದ್ದನ್ನೂ ಸೇರಿಸಿ, ತಮ್ಮಲ್ಲಿ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ರಾಜ್ಯದ 2025–30ರ ಕೈಗಾರಿಕಾ ನೀತಿ 7.5 ಲಕ್ಷ ಕೋಟಿ ರೂಪಾಯಿ ಬಂಡವಾಳ ಮತ್ತು 20 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಮೀರಿದ ಹೂಡಿಕೆಯ ಭರವಸೆಗಳು ಬಂದವೆಂದು ಸರ್ಕಾರವೇ ಹೇಳಿದೆ. ಈ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೂಡಿಕೆಯ ಪ್ರಸ್ತಾವಗಳಿಗೆ ಒಂದೇ ಕಡೆ ಒಪ್ಪಿಗೆ ಕೊಡುವ ಏಕಗವಾಕ್ಷಿ ಸಮಿತಿಯ ಅನುಮೋದನೆಯ ಸುದ್ದಿಯನ್ನು ಯಾವಾಗ ಓದಿದರೂ ಅದರಲ್ಲಿ ಕಾಣುವುದು ಎಷ್ಟು ಎಕರೆ, ಎಷ್ಟು ಕೋಟಿ, ಎಷ್ಟು ಉದ್ಯೋಗ ಎಂಬ ಮೂರೇ ಲೆಕ್ಕ. ಹತ್ತಿಪ್ಪತ್ತು ವರ್ಷಗಳ ನಂತರ ಆ ಕಂಪನಿ ಬಾಗಿಲು ಹಾಕಿಕೊಂಡು ಬೇರೆ ದೇಶಕ್ಕೆ ಹೊರಟರೆ ನಮ್ಮ ಜನರ ಕೈಯಲ್ಲಿ ಯಾವ ವಿದ್ಯೆ ಉಳಿದಿರುತ್ತದೆ ಎಂಬ ನಾಲ್ಕನೆಯ ಲೆಕ್ಕವನ್ನು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಸಾಹಸಗಳಲ್ಲಿ ಒಂದೆನಿಸಿದ ಆ ವಿದ್ಯುತ್ ಮಾರ್ಗದ ಬಲದಿಂದ, ಜಾನ್ ಟೇಲರ್ ಆ್ಯಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಗಣಿಗಳು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಸೈನೈಡ್ ಬೆರೆತ ಮಣ್ಣಿನ ಗುಡ್ಡೆಗಳು. ನಮ್ಮ ಶಾಪಿನ ಒಬ್ಬ ಆಪರೇಟರ್ ಅಲ್ಲಿಯವನು. ಅವನ ಅಜ್ಜ ಚಾಂಪಿಯನ್ ರೀಫ್ ಗಣಿಯಲ್ಲಿ ಕಲ್ಲು ಒಡೆದವರು. ಇವನು ಬೆಳಗಿನ ಜಾವ ಐದಕ್ಕೆ ಮುಂಚೆ ಮನೆ ಬಿಟ್ಟು, ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಮೆಟ್ರೊ ಹಿಡಿದು ಪೀಣ್ಯ ಸೇರುತ್ತಾನೆ. ಬೆಂಗಳೂರಿಗಿಂತ ಮೊದಲೇ ವಿದ್ಯುತ್ ಕಂಡ ಊರಿನ ಹುಡುಗನಿಗೆ ಅವನ ಊರಿನಲ್ಲಿ ಮಾಡಲು ಕೆಲಸವಿಲ್ಲ. ಗಣಿಯ ಎಂಜಿನಿಯರಿಂಗ್ ವಿದ್ಯೆ ಕಂಪನಿಯ ಮೇಲಿನ ಹಂತದಲ್ಲೇ ನಿಂತಿತು, ಕೆಳಗಿನವರಿಗೆ ದಕ್ಕಿದ್ದು ಮೈಮುರಿಯುವ ದುಡಿಮೆ ಮತ್ತು ಶ್ವಾಸಕೋಶದ ಕಾಯಿಲೆ.

ಇದು ಬ್ರಿಟಿಷರ ಕಾಲದ ಮಾತು, ಸ್ವತಂತ್ರ ದೇಶದಲ್ಲಿ ಹಾಗಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಘಾನಾ ದೇಶದ ಕಥೆಯನ್ನು ನೆನಪಿಸಬೇಕಾಗುತ್ತದೆ. 1957ರಲ್ಲಿ ಸ್ವತಂತ್ರವಾದ ಘಾನಾದಲ್ಲಿ ಕ್ವಾಮೆ ಎನ್‌ಕ್ರೂಮಾ ಅವರು ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿಸಿದರು. ಸುಮಾರು 80 ಸಾವಿರ ಜನ ಊರು ಬಿಟ್ಟು ಎದ್ದರು. ಅಲ್ಲಿ ಹುಟ್ಟಿದ ವಿದ್ಯುತ್ತಿನ ಬಹುಪಾಲನ್ನು ದೀರ್ಘಾವಧಿಯ ಒಪ್ಪಂದದ ಮೇಲೆ ಅತಿ ಕಡಿಮೆ ದರದಲ್ಲಿ ಪಡೆದದ್ದು ಟೇಮಾ ಬಂದರಿನಲ್ಲಿ ಅಮೆರಿಕದ ಕಂಪನಿಗಳು ಕಟ್ಟಿದ ಅಲ್ಯೂಮಿನಿಯಂ ಕಾರ್ಖಾನೆ. ಅಲ್ಯೂಮಿನಿಯಂಗೆ ಬೇಕಾದ ಬಾಕ್ಸೈಟ್ ಅದಿರು ಘಾನಾದ ನೆಲದಲ್ಲೇ ಇತ್ತು, ಎನ್‌ಕ್ರೂಮಾ ಅವರ ಕನಸು ಇದ್ದದ್ದು ಆ ಅದಿರಿನ ಮೇಲೆಯೇ. ಆದರೆ ಕಾರ್ಖಾನೆ ಹೊರದೇಶದಿಂದ ಅಲ್ಯುಮಿನಾ (ಬಾಕ್ಸೈಟನ್ನು ಸಂಸ್ಕರಿಸಿ ತೆಗೆದ ಪುಡಿ) ತರಿಸಿ, ಘಾನಾದ ಅಗ್ಗದ ವಿದ್ಯುತ್ತಿನಿಂದ ಕರಗಿಸಿ, ಲೋಹವನ್ನು ಮತ್ತೆ ಹೊರಕ್ಕೆ ಕಳಿಸಿತು. ಘಾನಾದ ಬಾಕ್ಸೈಟ್ ಮಾತ್ರ ಬೇರೆ ಹಡಗಿನಲ್ಲಿ ಅದಿರಾಗಿಯೇ ಹೋಯಿತು. ಕಾರ್ಖಾನೆ ದೇಶದೊಳಗೇ ಇತ್ತು, ಚಿಮಣಿಯಿಂದ ಹೊಗೆಯೂ ಬರುತ್ತಿತ್ತು, ಆದರೂ ಅದರ ಹಿಂದೆ ಮುಂದೆ ಬೆಳೆಯಬೇಕಾಗಿದ್ದ ನೂರಾರು ಉಪ ಉದ್ಯಮಗಳು ಬೆಳೆಯಲಿಲ್ಲ. ಅಗ್ಗದ ನೆಲ, ಅಗ್ಗದ ವಿದ್ಯುತ್ತು, ತೆರಿಗೆ ರಿಯಾಯಿತಿ ಕೊಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದು ನಂಬಿದ ಸರ್ಕಾರಕ್ಕೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಕಚ್ಚಾ ಸಾಮಗ್ರಿ ಮಾರಿ ಯಂತ್ರ ಕೊಳ್ಳುವ ದೇಶ ಕಾಲಕ್ರಮದಲ್ಲಿ ಸೋಲುತ್ತದೆ, ಅದೇ ಯಂತ್ರಕ್ಕೆ ಪ್ರತಿ ಸಲ ಹೆಚ್ಚು ಹೆಚ್ಚು ಅದಿರನ್ನೋ ಕಾಫಿಯನ್ನೋ ಅಳೆದುಕೊಡಬೇಕಾಗುತ್ತದೆ ಎಂದು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್ ಅವರು 1949–50ರಲ್ಲೇ ವಾದಿಸಿದ್ದರು. ಬಳ್ಳಾರಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀನಾದ ಬೇಡಿಕೆ ಏರಿದ್ದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಗಳ ರಸ್ತೆಯ ಮೇಲೆ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ರಾಜ್ಯ 2010ರಲ್ಲಿ ಅದಿರು ರಫ್ತು ನಿಲ್ಲಿಸಿತು, 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಹೋದ ಅದಿರು ಉಕ್ಕಾಗಿ, ಉಕ್ಕು ಯಂತ್ರವಾಗಿ ನಮಗೇ ಮಾರಾಟವಾಗಲು ಮರಳಿ ಬಂತು. ಲೂಟಿಯ ಬಗ್ಗೆ ಆಗ ನಾವೆಲ್ಲ ಮಾತಾಡಿದೆವು. ಒಂದು ಪೈಸೆಯ ಲೂಟಿಯೂ ಇಲ್ಲದೆ, ರಾಯಧನವನ್ನು ನೆಟ್ಟಗೆ ಕಟ್ಟಿಯೇ ಆ ಅದಿರು ಹೋಗಿದ್ದರೂ ಈ ಅಸಮ ವ್ಯಾಪಾರ ಹಾಗೆಯೇ ಇರುತ್ತಿತ್ತು ಎಂಬುದನ್ನು ಯಾರೂ ಅಷ್ಟಾಗಿ ಮಾತಾಡಲಿಲ್ಲ.

ಹಾಗಾದರೆ ಕಚ್ಚಾ ಸಾಮಗ್ರಿ ಬಿಟ್ಟು ತಯಾರಿಕೆಗೆ ಇಳಿದರೆ ಸಾಕೇ? ಅದೂ ಸಾಲದು ಎಂಬುದನ್ನು ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳು ಹೇಳುತ್ತವೆ. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಹೊಸೂರು ರಸ್ತೆಯಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಹೊರದೇಶದ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುತ್ತಿದ್ದಾರೆ. ಡಿಸೈನ್ ಹೊರಗಿನದು, ಹೊಲಿಗೆ ಯಂತ್ರ ಬಹುಪಾಲು ಹೊರಗಿನದು, ಬ್ರ್ಯಾಂಡೂ ಹೊರಗಿನದು. ಇಪ್ಪತ್ತು ವರ್ಷ ಕಾಲರ್ ಕೂರಿಸಿದ ಹೆಂಗಸು ಇಪ್ಪತ್ತೊಂದನೆಯ ವರ್ಷವೂ ಕಾಲರ್ ಕೂರಿಸುತ್ತಾಳೆ, ಕನಿಷ್ಠ ವೇತನದ ಆಸುಪಾಸಿನಲ್ಲೇ. ಭವಿಷ್ಯ ನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದಾಗ, 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಯಾವ ನಾಯಕರನ್ನೂ ಕಾಯದೆ ರಸ್ತೆಗಿಳಿದರು. ಎರಡು ದಿನ ಬೆಂಗಳೂರು ನಿಂತಿತು, ಆದೇಶ ಹಿಂದಕ್ಕೆ ಹೋಯಿತು. ಆ ದಿನ ನಾನು ತುಮಕೂರು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು, 'ಆ ದುಡ್ಡಲ್ಲೇ ಮಗಳ ಫೀಸ್ ಕಟ್ಟಬೇಕು ಸಾರ್, ಐವತ್ತೆಂಟು ವರ್ಷದವರೆಗೂ ಈ ಕೆಲಸ ಯಾರು ಇಟ್ಕೋತಾರೆ ನಮ್ಮನ್ನ' ಎಂದರು. ಕಣ್ಣು ಮಂಜಾಗುತ್ತಲೇ ಹೊರಗೆ ಕಳಿಸುವ ಕೆಲಸ ತನ್ನದೆಂದು ಆಕೆಗೆ ಗೊತ್ತಿತ್ತು. ಇಥಿಯೋಪಿಯಾ 2016ರಲ್ಲಿ ಹವಾಸಾದಲ್ಲಿ ದೊಡ್ಡ ಕೈಗಾರಿಕಾ ಪಾರ್ಕ್ ತೆರೆದು, ನಮಗಿಂತಲೂ ಅಗ್ಗದ ಕೂಲಿ ತೋರಿಸಿ ಇದೇ ಬ್ರ್ಯಾಂಡುಗಳನ್ನು ಕರೆಯಿತು. ಅಂತರ್ಯುದ್ಧದ ಕಾರಣಕ್ಕೆ ಅಮೆರಿಕ 2022ರ ಜನವರಿಯಿಂದ ಸುಂಕರಹಿತ ಪ್ರವೇಶವನ್ನು ನಿಲ್ಲಿಸಿದಾಗ ಕೆಲವು ಕಂಪನಿಗಳು ಗಂಟುಮೂಟೆ ಕಟ್ಟಿದವು, ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಕೂಲಿಯ ಅಗ್ಗವನ್ನೇ ನೆಚ್ಚಿ ಬಂದ ಕಾರ್ಖಾನೆ ಅದಕ್ಕಿಂತ ಅಗ್ಗದ ಊರು ಕಂಡ ದಿನ ಎದ್ದು ಹೋಗಲು ತಯಾರಾಗಿಯೇ ಬಂದಿರುತ್ತದೆ.

ಈಗ ನಮ್ಮ ಶಾಪಿನ ಹಳೆಯ ಲೇಥಿನ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಕೊಂಡಾಗ ಬೆಡ್, ಅಂದರೆ ಯಂತ್ರದ ಉದ್ದನೆಯ ತಳಭಾಗ, ಸವೆದಿತ್ತು, ಉದ್ದದ ಶಾಫ್ಟ್ ಹಾಕಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬರುತ್ತಿತ್ತು. ಗ್ರೈಂಡಿಂಗ್ ಮಾಡಿಸುವಷ್ಟು ದುಡ್ಡು ನನ್ನ ಬಳಿ ಇರಲಿಲ್ಲ. ಎಚ್‌ಎಂಟಿಯಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯ ಫಿಟ್ಟರ್ ಬಂದು, ಸ್ಟ್ರೇಟ್ ಎಡ್ಜ್ ಎಂಬ ನೇರ ಅಂಚಿನ ಪಟ್ಟಿಗೆ ತೆಳುವಾಗಿ ಬ್ಲೂ (ನೀಲಿ ಬಣ್ಣ) ಹಚ್ಚಿ, ಬೆಡ್ಡಿನ ಮೇಲೆ ಒಮ್ಮೆ ಉಜ್ಜಿ ಎತ್ತಿದರು. ಎತ್ತರವಿದ್ದ ಕಡೆಯೆಲ್ಲ ನೀಲಿ ಚುಕ್ಕೆ ಹತ್ತಿತ್ತು. ಆ ಚುಕ್ಕೆಗಳನ್ನಷ್ಟೇ ಸ್ಕ್ರೇಪರ್‌ನಿಂದ, ಎರಡು ಕೈ ಮತ್ತು ಸೊಂಟದ ಬಲ ಸೇರಿಸಿ, ಮೈಕ್ರಾನ್ ಲೆಕ್ಕದಲ್ಲಿ ಕೆರೆದರು. ಮತ್ತೆ ಬ್ಲೂ, ಮತ್ತೆ ಉಜ್ಜು, ಮತ್ತೆ ಕೆರೆತ. ಹೀಗೆ ಹದಿನೆಂಟು ದಿನ. ಕೊನೆಯ ದಿನ ಬೆಡ್ಡಿನ ಉದ್ದಕ್ಕೂ ಚುಕ್ಕೆಗಳು ಒಂದೇ ಸಮನೆ, ಒತ್ತೊತ್ತಾಗಿ, ರಂಗೋಲಿಗೆ ಇಟ್ಟ ಹಾಗೆ ಬಿದ್ದಿದ್ದವು. ಡಯಲ್ ಗೇಜ್ ಇಟ್ಟು ನೋಡಿದೆ, ಮುಳ್ಳು ಅಲ್ಲಾಡಲಿಲ್ಲ. ಈಗಲೂ ನಮ್ಮಲ್ಲಿ ಬಿಗಿ ಟಾಲರೆನ್ಸ್ ಇರುವ ಒಂದೊಂದು ಪೀಸನ್ನು ಆ ಲೇಥಿಗೇ ಹಾಕುತ್ತೇವೆ.

ಆ ಹಿರಿಯರಿಗೆ ಆ ವಿದ್ಯೆ ಎಲ್ಲಿಂದ ಬಂತು ಎಂದು ನೋಡಿದರೆ ಒಂದು ದೇಶದ ಕೈಗಾರಿಕಾ ನೀತಿಯೇ ಕಾಣುತ್ತದೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ ಒಪ್ಪಂದವಿತ್ತು. ಅಲ್ಲಿಂದ ಬಂದದ್ದು ಯಂತ್ರವಷ್ಟೇ ಆಗಿರಲಿಲ್ಲ, ಯಂತ್ರವನ್ನು ಮಾಡುವ ಕ್ರಮವೂ ಬಂತು, ಹಳ್ಳಿಯ ಹುಡುಗರನ್ನು ವರ್ಷಗಟ್ಟಲೆ ಕೂರಿಸಿ ಫೈಲ್ ಹಿಡಿಸುವ ಅಪ್ರೆಂಟಿಸ್ ಶಾಲೆಯೂ ಬಂತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರ ತಯಾರಿಕೆಯ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಟೂಲ್ ತಯಾರಿಕೆಯ ತರಬೇತಿ ಕೇಂದ್ರ ಜಿಟಿಟಿಸಿ ಬಂತು. ಎಚ್‌ಎಎಲ್, ದೂರವಾಣಿ ಯಂತ್ರಗಳ ಕಾರ್ಖಾನೆ ಐಟಿಐ, ಬಿಇಎಲ್‌ಗಳಿಗೆ ಬಿಡಿಭಾಗ ಒದಗಿಸಲು ರಾಜಾಜಿನಗರ, ಪೀಣ್ಯಗಳ ಶೆಡ್ಡುಗಳು ಹುಟ್ಟಿಕೊಂಡವು. ಇಂದು ಬೆಂಗಳೂರಿಗೆ ವಿಮಾನದ ಬಿಡಿಭಾಗದ ಆರ್ಡರ್ ಬರುತ್ತದೆ ಎಂದರೆ ಅದರ ಬೇರು ಇಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿದಾಗಲೂ ಎಣಿಕೆ ಇದೇ ಆಗಿತ್ತು.

ಈ ಮಾತಿಗೆ ಎದುರಾಗಿ ಬರುವ ಪ್ರಶ್ನೆ ನನಗೆ ಗೊತ್ತು. ಎಚ್‌ಎಂಟಿ ವಾಚ್ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು, ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸರ್ಕಾರಿ ಉಕ್ಕು ಕಂಪನಿ ಸೈಲ್ 2023ರಲ್ಲಿ ಪ್ರಕಟಿಸಿತು. ಅಷ್ಟು ಚೆನ್ನಾಗಿದ್ದರೆ ಅವು ಏಕೆ ಸೋತವು? ರಕ್ಷಣೆ ಕೊಟ್ಟ ಸರ್ಕಾರ ಅದರ ಜೊತೆ ಲೆಕ್ಕ ಕೇಳಲಿಲ್ಲ ಎಂಬುದೇ ನನ್ನ ಉತ್ತರ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮಾರುಕಟ್ಟೆ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕಡೆಗೆ ಹೊರಳಿದಾಗ ಎಚ್‌ಎಂಟಿ ಕೀಲಿ ಕೊಡುವ ಗಡಿಯಾರವನ್ನೇ ಬಹಳ ಕಾಲ ನೆಚ್ಚಿಕೊಂಡಿತು. ಕೇಳುವವರಿರಲಿಲ್ಲ. ಆದರೂ ಅಲ್ಲಿ ಪಳಗಿದ ಅನೇಕರು ಹೊಸೂರಿನಲ್ಲಿ ಶುರುವಾದ ಟೈಟನ್ ಕಾರ್ಖಾನೆಗೆ ಹೋಗಿ ಅದನ್ನು ಕಟ್ಟಲು ನೆರವಾದರು. ಕಾರ್ಖಾನೆ ಮುಚ್ಚಿದರೂ ವಿದ್ಯೆ ಮುಚ್ಚಲಿಲ್ಲ. ಕೋಲಾರಕ್ಕೂ ಜಾಲಹಳ್ಳಿಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣ ವ್ಯತ್ಯಾಸವಲ್ಲ.

ದಕ್ಷಿಣ ಕೊರಿಯಾ ರಕ್ಷಣೆಯನ್ನೂ ಕೊಟ್ಟಿತು, ಲೆಕ್ಕವನ್ನೂ ಕೇಳಿತು. 1960ರ ಆಸುಪಾಸಿನಲ್ಲಿ ಅದರ ತಲಾ ಆದಾಯಕ್ಕೂ ಘಾನಾದ ತಲಾ ಆದಾಯಕ್ಕೂ ಹೆಚ್ಚು ಅಂತರವಿರಲಿಲ್ಲ. ಅಂಥ ಬಡ ದೇಶಕ್ಕೆ ಉಕ್ಕಿನ ಕಾರ್ಖಾನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕ್ ಅನುಮಾನಿಸಿದಾಗ ಅವರು ಜಪಾನ್ ಕೊಟ್ಟ ಪರಿಹಾರದ ಹಣವನ್ನು ಅದಕ್ಕೆ ತೊಡಗಿಸಿ, ತಮ್ಮ ಎಂಜಿನಿಯರುಗಳನ್ನು ಜಪಾನಿಗೆ ಕಳಿಸಿ ಕಲಿಸಿ, 1973ರಲ್ಲಿ ಪೊಹಾಂಗ್‌ನಲ್ಲಿ ಉಕ್ಕು ತೆಗೆದರು. ಅಗ್ಗದ ಸಾಲ ಪಡೆದ ಕಂಪನಿಗಳು ರಫ್ತಿನ ಗುರಿ ಮುಟ್ಟಬೇಕಿತ್ತು, ಮುಟ್ಟದವರಿಗೆ ಸಾಲದ ಬಾಗಿಲು ಮುಚ್ಚುತ್ತಿತ್ತು. ಅಲ್ಲಿನ ಸರ್ವಾಧಿಕಾರವನ್ನಾಗಲಿ, ಕಾರ್ಮಿಕರನ್ನು ನಡೆಸಿಕೊಂಡ ರೀತಿಯನ್ನಾಗಲಿ ನಾನು ಮೆಚ್ಚುವುದಿಲ್ಲ. ರಿಯಾಯಿತಿಗೆ ಪ್ರತಿಯಾಗಿ ಕಲಿಕೆಯನ್ನು ಕೇಳಿದ ಆ ಒಂದು ಕ್ರಮವನ್ನು ಮಾತ್ರ ನಾವು ಪ್ರಜಾಪ್ರಭುತ್ವದೊಳಗೇ ಮಾಡಬಹುದು ಎನ್ನುತ್ತಿದ್ದೇನೆ.

ಏಕೆಂದರೆ ಈಗ ನಡೆಯುತ್ತಿರುವುದು ಕಲಿಕೆ ಅಲ್ಲ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಬಹುರಾಷ್ಟ್ರೀಯ ಕಂಪನಿಗೆ ನಾವೊಂದು ಬಿಡಿಭಾಗ ಮಾಡಿಕೊಡುತ್ತಿದ್ದೆವು. ಡ್ರಾಯಿಂಗ್ ಅವರದು, ಪ್ರೊಸೆಸ್ ಶೀಟ್ ಅವರದು, ಟೂಲ್ ಯಾವುದು, ಸ್ಪೀಡ್ ಎಷ್ಟು, ಫೀಡ್ ಎಷ್ಟು, ಎಲ್ಲ ಅವರದೇ. ಆ ಭಾಗ ಯಾವ ಯಂತ್ರಕ್ಕೆ ಕೂರುತ್ತದೆ ಎಂದು ಕೇಳಿದೆವು, ಹೇಳಲಿಲ್ಲ. ಒಂದು ಅಂಚನ್ನು ಹೀಗೆ ಬದಲಿಸಿದರೆ ಸ್ಕ್ರಾಪ್ ಕಡಿಮೆಯಾಗುತ್ತದೆ ಎಂದು ನಮ್ಮ ಹುಡುಗರು ಸೂಚಿಸಿದರು, ಉತ್ತರ ಬರಲಿಲ್ಲ. ಬಿಲ್ಲಿನ ಹಣ ಕಾನೂನು ಹೇಳುವ 45 ದಿನಕ್ಕೆ ಬರುವ ಬದಲು ನಾಲ್ಕು ತಿಂಗಳಿಗೆ ಬಂತು, ಬಡ್ಡಿ ಕೇಳುವ ಧೈರ್ಯ ನನಗಾಗಲಿಲ್ಲ. ನಾಲ್ಕನೆಯ ವರ್ಷ ಆರ್ಡರ್ ಬೇರೆ ದೇಶಕ್ಕೆ ಹೋಯಿತು. ನಾಲ್ಕು ವರ್ಷದಲ್ಲಿ ಸಾವಿರಾರು ಪೀಸ್ ಮಾಡಿದ ನಾವು ಕಲಿತದ್ದು ಬಟನ್ ಒತ್ತುವುದನ್ನು. ಆ ಸಿಎನ್‌ಸಿ ಯಂತ್ರದ ಕಂಟ್ರೋಲರ್ ಜಪಾನಿನದು, ಬಾಲ್ ಸ್ಕ್ರೂ ಹೊರಗಿನದು, ಇನ್ಸರ್ಟ್ ಹೊರಗಿನದು. ಹಳೆಯ ಲೇಥ್ ಕೆಟ್ಟರೆ ರಿಪೇರಿ ಮಾಡುವವರು ಜಾಲಹಳ್ಳಿಯಲ್ಲಿದ್ದರು, ಈ ಯಂತ್ರದ ಬೋರ್ಡ್ ಹೋದರೆ ವಾರಗಟ್ಟಲೆ ಕಾಯಬೇಕು.

ದೇಶದ ಲೆಕ್ಕವೂ ಇದನ್ನೇ ತೋರಿಸುತ್ತದೆ. 2022ರ ಹೊತ್ತಿಗೆ ಜಿಡಿಪಿಯಲ್ಲಿ ತಯಾರಿಕೆಯ ಪಾಲು ಶೇ. 25 ಆಗಬೇಕೆಂದು 2011ರ ರಾಷ್ಟ್ರೀಯ ನೀತಿ ಹೇಳಿತ್ತು, ಅದು ಶೇ. 17ರ ಆಸುಪಾಸು ದಾಟಲೇ ಇಲ್ಲ. 2023–24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ. 46ರಷ್ಟು ಜನ ಇನ್ನೂ ಕೃಷಿಯಲ್ಲೇ ಇದ್ದಾರೆ, ಆದರೆ ಒಟ್ಟು ಆದಾಯದಲ್ಲಿ ಕೃಷಿಯ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ. ಸಂಶೋಧನೆಗೆ ನಾವು ಖರ್ಚು ಮಾಡುವುದು ಜಿಡಿಪಿಯ ಶೇ. 1ಕ್ಕಿಂತ ಕಡಿಮೆ, ಕೊರಿಯಾ ಮಾಡುವುದು ಶೇ. 5ರ ಹತ್ತಿರ. ನಮ್ಮ ರಾಜ್ಯದೊಳಗೂ ಇದೇ ಅಂತರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು, ಅದರಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಇಂದು ರಾಜ್ಯದ ಆದಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಪಕ್ಕದ ಊರಿನವನು. ಕೈಗಾರಿಕಾ ತರಬೇತಿ ಸಂಸ್ಥೆ (ಅದೂ ಐಟಿಐ ಎಂದೇ ಹೆಸರು) ಮುಗಿಸಿ ಬಂದವನಿಗೆ ಮೈಕ್ರೋಮೀಟರ್ ಹಿಡಿದೇ ಗೊತ್ತಿರಲಿಲ್ಲ, ಕಾಲೇಜಿನಲ್ಲಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಂತೆ. ಎರಡು ವರ್ಷದಲ್ಲಿ ಅವನು ಹಳೆಯ ಲೇಥಿನಲ್ಲಿ ಥ್ರೆಡ್ ಕಡಿಯುವಷ್ಟು ಬೆಳೆದಿದ್ದಾನೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷ ಹೋರಾಡಿದ ಮೇಲೆ 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಕೈಗಾರಿಕೆಯವನಾದ ನಾನು ಆ ತೀರ್ಮಾನವನ್ನು ಸ್ವಾಗತಿಸಿದೆ. ಮಗನಿಗೆ ಯಾವ ವಿದ್ಯೆ ಸಿಗುತ್ತದೆ ಎಂದು ಹೇಳದೆ ಅಪ್ಪನ ಹೊಲ ಕೇಳುವ ಹಕ್ಕು ನಮಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ರಿಯಾಯಿತಿ ಕೋರಿ ಏಕಗವಾಕ್ಷಿ ಸಮಿತಿಯ ಮುಂದೆ ಬರುವ ಪ್ರತಿ ಅರ್ಜಿಯಲ್ಲಿ, ಎಕರೆ, ಕೋಟಿ, ಉದ್ಯೋಗಗಳ ಜೊತೆಗೆ ಇನ್ನೂ ಕೆಲವನ್ನು ಕೇಳಿ: ಐದು ವರ್ಷದಲ್ಲಿ ಎಷ್ಟು ಅಪ್ರೆಂಟಿಸ್‌ಗಳನ್ನು ಟೂಲುಗಳನ್ನು ತಾವೇ ಮಾಡಬಲ್ಲ ಟೂಲ್ ರೂಮ್ ಮಟ್ಟಕ್ಕೆ ತಯಾರು ಮಾಡುತ್ತೀರಿ, ವಿನ್ಯಾಸದ ಯಾವ ಭಾಗವನ್ನು ಇಲ್ಲಿ ಮಾಡುತ್ತೀರಿ, ನಿಮಗೆ ಬಿಡಿಭಾಗ ಕೊಡುವ ಸಣ್ಣ ಘಟಕಗಳಿಗೆ ಏನು ಕಲಿಸುತ್ತೀರಿ, ಅವರ ಬಿಲ್ಲನ್ನು ಎಷ್ಟು ದಿನಕ್ಕೆ ಪಾವತಿಸುತ್ತೀರಿ. 1995ರಿಂದ ಜಾರಿಯಲ್ಲಿರುವ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಮ್ಸ್ ಒಪ್ಪಂದದ ಪ್ರಕಾರ ಸ್ಥಳೀಯ ಬಿಡಿಭಾಗವನ್ನೇ ಕೊಳ್ಳಬೇಕೆಂದು ಷರತ್ತು ಹಾಕುವಂತಿಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು, ಅದು ನಿಜ. ಆದರೆ ತರಬೇತಿ ಕೇಳುವುದನ್ನು, ಸಂಶೋಧನೆ ಕೇಳುವುದನ್ನು ಅದು ತಡೆಯುವುದಿಲ್ಲ. ಸಬ್ಸಿಡಿಯ ಅರ್ಧವನ್ನಾದರೂ ಈ ಉತ್ತರಗಳ ಮೇಲೆ, ವರ್ಷವರ್ಷವೂ ಪರಿಶೀಲಿಸಿ ಬಿಡುಗಡೆ ಮಾಡಿ, ಪರಿಶೀಲನೆಯ ವರದಿಯನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಕಲ್ಯಾಣ ಕರ್ನಾಟಕದ ಪ್ರತಿ ತಾಲ್ಲೂಕಿನ ಕೈಗಾರಿಕಾ ತರಬೇತಿ ಸಂಸ್ಥೆಗೆ ಓಡುವ ಒಂದು ಲೇಥನ್ನೂ ಬೀಗವಿಲ್ಲದ ಒಂದು ಬೀರುವನ್ನೂ ಕೊಡಿ. ಎಚ್‌ಎಂಟಿ, ಐಟಿಐ ಕಾರ್ಖಾನೆ, ಬಿಇಎಲ್‌ಗಳಿಂದ ನಿವೃತ್ತರಾದ ಟೂಲ್‌ಮೇಕರ್‌ಗಳು ಜಾಲಹಳ್ಳಿ, ವಿದ್ಯಾರಣ್ಯಪುರ, ದೂರವಾಣಿನಗರಗಳ ಮನೆಗಳಲ್ಲಿ ಇನ್ನೂ ಇದ್ದಾರೆ, ಅವರ ಕೈ ನಡುಗುವ ಮೊದಲು ಅವರನ್ನು ಗೌರವಧನ ಕೊಟ್ಟು ಕಲಿಸಲು ಕರೆಯಿರಿ. ನಮ್ಮ ಲೇಥಿನ ಬೆಡ್ ಕೆರೆದುಕೊಟ್ಟ ಹಿರಿಯರು ಹೋದ ವರ್ಷ ತೀರಿಕೊಂಡರು. ಅವರಿಂದ ಆ ಕೆಲಸ ಕಲಿತವರು ನನಗೆ ಗೊತ್ತಿದ್ದಂತೆ ಇಬ್ಬರೇ.

ತಾವು ಈ ಷರತ್ತುಗಳನ್ನು ತಂದರೆ ಅವು ನನ್ನಂಥವರಿಗೂ ಅನ್ವಯವಾಗಲಿ. ವರ್ಷಕ್ಕೆ ಇಬ್ಬರು ಅಪ್ರೆಂಟಿಸ್‌ಗಳಿಗೆ ನಮ್ಮ ಶಾಪಿನಲ್ಲಿ ಜಾಗವಿದೆ, ಹಳೆಯ ಲೇಥ್ ಇದೆ, ಹಟ್ಟಿಯ ಹುಡುಗ ಕಲಿಸುವಷ್ಟು ಕಲಿತಿದ್ದಾನೆ. ಮುಂದಿನ ಸಮಿತಿ ಸಭೆಗೆ ಮೊದಲು ತಾವೋ ತಮ್ಮ ಅಧಿಕಾರಿಗಳೋ ಒಂದು ದಿನ ಬೆಳಿಗ್ಗೆ ಎಂಟಕ್ಕೆ, ಶಿಫ್ಟ್ ಶುರುವಾಗುವ ಹೊತ್ತಿಗೆ ಪೀಣ್ಯಕ್ಕೆ ಬಂದರೆ ಎಲ್ಲವನ್ನೂ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೋದ್ಯಮಿ
ಬೆಂಗಳೂರು